ಉಕ್ಕು ಗಡಸಾಗಿದ್ದಷ್ಟೂ ಸವೆತ ಕಡಿಮೆಯೇ?

ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಕೊಡಲಿ ಕೊಳ್ಳುವವರು ಗಟ್ಟಿ ಉಕ್ಕನ್ನೇ ಕೇಳುತ್ತಾರೆ. ಕಲ್ಲು ಒಡೆಯುವ ಕ್ರಷರಿನ ಬಿಡಿಭಾಗಗಳಿಗೂ ಇದೇ ಲೆಕ್ಕ ಸಾಕು ಎಂಬ ನಂಬಿಕೆ ಇದೆ. ಅದು ಅರ್ಧ ಮಾತ್ರ ನಿಜ.

ಕಮಲಾಪುರದ ಕಡೆ ಇರುವುದು ಕರಿಕಲ್ಲು, ಅಂದರೆ ಬಸಾಲ್ಟ್. ಸೇಡಂ, ಚಿತ್ತಾಪುರ, ವಾಡಿ ಕಡೆ ಸಿಮೆಂಟಿಗೆ ಬಳಸುವ ಸುಣ್ಣದ ಕಲ್ಲು. ಮೋಸ್ ಗಡಸುತನದ ಮಾಪನದಲ್ಲಿ ಸುಣ್ಣದ ಕಲ್ಲಿನ ಕ್ಯಾಲ್ಸೈಟ್‌ಗೆ 3, ಮರಳಿನ ಕ್ವಾರ್ಟ್ಜ್‌ಗೆ 7. ಮನೆಯ ಶಹಾಬಾದ್ ಪರ್ಸಿ ಹೊಳಪು ಕಳೆದುಕೊಳ್ಳುವುದಕ್ಕೂ ಚಪ್ಪಲಿಗೆ ಅಂಟಿದ ಮರಳೇ ದೊಡ್ಡ ಕಾರಣ. ಹಾಗೆಯೇ ಸುಣ್ಣದ ಕಲ್ಲಿಗಿಂತ ಅದರೊಳಗೆ ಬೆರೆತ ಕ್ವಾರ್ಟ್ಜ್ ಕಣಗಳು ಉಕ್ಕನ್ನು ಹೆಚ್ಚು ಗೀರುತ್ತವೆ.

ಈ ಗೀರುವಿಕೆಯನ್ನು ಅಳೆಯಲು ಹೆಚ್ಚು ಬಳಕೆಯಲ್ಲಿರುವುದು ಎಎಸ್‌ಟಿಎಂ ಜಿ65 ಪರೀಕ್ಷೆ. ಉಕ್ಕಿನ ತುಂಡೊಂದನ್ನು ರಬ್ಬರ್ ಸುತ್ತಿದ ಚಕ್ರಕ್ಕೆ ಒತ್ತಿ ಹಿಡಿದು, ನಡುವೆ ಒಣ ಕ್ವಾರ್ಟ್ಜ್ ಮರಳನ್ನು ಒಂದೇ ಸಮನೆ ಸುರಿಸುತ್ತಾರೆ. ಇದರ ಒಂದು ವಿಧಾನದಲ್ಲಿ ಒತ್ತಡ 130 ನ್ಯೂಟನ್, ಚಕ್ರದ ಸುತ್ತು 6,000. ಮೊದಲು ಮತ್ತು ನಂತರ ತೂಗಿ, ಕಳೆದುಹೋದ ತೂಕವನ್ನು ಸಾಂದ್ರತೆಯಿಂದ ಭಾಗಿಸಿ ಘನ ಮಿಲಿಮೀಟರಿನಲ್ಲಿ ಹೇಳುತ್ತಾರೆ. ತೂಕವನ್ನಷ್ಟೇ ನೋಡಿದರೆ ಮೋಸ ಹೋಗುತ್ತೇವೆ: ಟಂಗ್‌ಸ್ಟನ್ ಕಾರ್ಬೈಡ್‌ನಂಥ ಭಾರದ ವಸ್ತು ಸ್ವಲ್ಪ ಸವೆದರೂ ತೂಕ ಹೆಚ್ಚು ಕಳೆದಂತೆ ಕಾಣುತ್ತದೆ.

ಆದರೆ ಈ ಚಕ್ರ ಉಜ್ಜುತ್ತದೆ, ಹೊಡೆಯುವುದಿಲ್ಲ. ತೊಡಕು ಇರುವುದು ಇಲ್ಲೇ. ಕ್ರಷರಿನ ದವಡೆ ಪ್ಲೇಟುಗಳಿಗೆ ಹಿಂದಿನಿಂದಲೂ ಬಳಸುವುದು ಮ್ಯಾಂಗನೀಸ್ ಉಕ್ಕು. ಇಂಗ್ಲೆಂಡಿನ ರಾಬರ್ಟ್ ಹ್ಯಾಡ್‌ಫೀಲ್ಡ್ 1882ರಲ್ಲಿ ಕಂಡುಹಿಡಿದದ್ದು. ಅದರಲ್ಲಿ ಮ್ಯಾಂಗನೀಸ್ ಸುಮಾರು ಶೇ 12. ಹೊಸದಿದ್ದಾಗ ಮೆತ್ತಗೆ, ಬ್ರಿನೆಲ್ ಮಾಪನದಲ್ಲಿ ಸುಮಾರು 200. ಕಲ್ಲಿನ ಪೆಟ್ಟು ಬಿದ್ದಂತೆಲ್ಲ ಮೇಲ್ಮೈ 500ರ ಆಸುಪಾಸಿಗೆ ಗಡಸಾಗುತ್ತದೆ. ಒಳಗೆ ಮಾತ್ರ ಬಾಗುವ ಗುಣ ಉಳಿಯುತ್ತದೆ. (ಇದಕ್ಕೆ ಅಯಸ್ಕಾಂತ ಅಂಟುವುದಿಲ್ಲ, ಹಾಗೆಂದು ಕಳಪೆ ಎನ್ನಬೇಡಿ.) ಮರಳು ಚಕ್ರದಲ್ಲಿ ಪೆಟ್ಟೇ ಇಲ್ಲದ್ದರಿಂದ ಇದೇ ಉಕ್ಕು ಹಿಂದೆ ಬೀಳುತ್ತದೆ. ಹೆಚ್ಚು ಕ್ರೋಮಿಯಂ ಇರುವ ಬಿಳಿ ಎರಕ ಅಲ್ಲಿ ಸುಲಭವಾಗಿ ಗೆಲ್ಲುತ್ತದೆ.

ಆ ಅಂಕಿ ನೋಡಿ ದೊಡ್ಡ ಬಂಡೆ ಒಡೆಯುವ ಸುತ್ತಿಗೆಗೆ ಬಿಳಿ ಎರಕ ಹಾಕಿದರೆ ಅದು ಸವೆಯುವ ಮೊದಲೇ ಸೀಳಬಹುದು. ಸಿಡಿದ ಚೂರು ಪಕ್ಕದಲ್ಲಿ ನಿಂತವರಿಗೆ ಅಪಾಯ. ಅದೇ ಎರಕ ಪುಡಿ ಜಾರುವ ಗಾಳುವೆಗೆ ಚೆನ್ನಾಗಿ ಹೊಂದುತ್ತದೆ.

ಪೆಟ್ಟು, ಉಜ್ಜು ಎರಡೂ ಇರುವ ಜಾಗಕ್ಕೆ ಜಿ81 ಎಂಬ ಬೇರೆ ಪರೀಕ್ಷೆ ಇದೆ. ಪುಟ್ಟ ದವಡೆ ಕ್ರಷರಿಗೆ ಪರೀಕ್ಷಿಸಬೇಕಾದ ಪ್ಲೇಟನ್ನೂ ಗುಣ ಗೊತ್ತಿರುವ ಪ್ಲೇಟನ್ನೂ ಎದುರುಬದುರಾಗಿ ಕೂರಿಸಿ, ನಿಜವಾದ ಕಲ್ಲನ್ನೇ ಒಡೆದು, ಎರಡರ ಸವೆತವನ್ನು ಹೋಲಿಸುತ್ತಾರೆ. ಪ್ರಯೋಗಾಲಯ ಕೈಗೆಟುಕದ ಕ್ರಷರ್ ಮಾಲೀಕರೂ ಎರಡು ಬಗೆಯ ಸುತ್ತಿಗೆಗಳನ್ನು ಒಂದೇ ಯಂತ್ರದಲ್ಲಿ, ಸಮತೂಕ ಕೆಡದಂತೆ ಹಾಕಿ, ಒಂದು ಟನ್ ಕಲ್ಲಿಗೆ ಎಷ್ಟು ಗ್ರಾಂ ಸವೆಯಿತು ಎಂದು ಬರೆದಿಡಬಹುದು. ಕಲ್ಲು ಬದಲಾದರೆ ಮತ್ತೆ ತೂಗಬೇಕು.