ಜ್ಯೂಸ್ ಕಾಯಿಸಿದರೆ ವಿಟಮಿನ್ ಎಲ್ಲಾ ಹೋಗುತ್ತದೆಯೇ?

ಜ್ಯೂಸ್ ಕಾಯಿಸಿದರೆ ಸತ್ವವೆಲ್ಲ ಹೋಯಿತು, ಬಣ್ಣ ಗಾಢವಾಗಿದ್ದರೆ ವಿಟಮಿನ್ ಉಳಿದಿದೆ ಎಂಬ ಮಾತುಗಳನ್ನು ನೀವೂ ಕೇಳಿರುತ್ತೀರಿ. ಮೊದಲನೆಯದು ಅರ್ಧ ಸತ್ಯ, ಎರಡನೆಯದು ಪೂರ್ತಿ ತಪ್ಪು.

ಅಲೀಪುರ, ಗೌರಿಬಿದನೂರು, ಚಿಕ್ಕಬಳ್ಳಾಪುರದ ಕಡೆಯವರಿಗೆ ಬೆರ್ರಿ ಎಂದರೆ ದೂರದ ಹಣ್ಣಲ್ಲ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ದ್ರಾಕ್ಷಿ ಅಪ್ಪಟ ಬೆರ್ರಿ. (ಸ್ಟ್ರಾಬೆರ್ರಿ ಅಲ್ಲ!) ಶಿಡ್ಲಘಟ್ಟದ ರೇಷ್ಮೆ ತೋಟಗಳ ಹಿಪ್ಪುನೇರಳೆಗೆ ಹೆಸರಿನಲ್ಲಷ್ಟೇ ಬೆರ್ರಿ ಇದೆ, ಅಲ್ಲಿ ಅದನ್ನು ಬೆಳೆಸುವುದು ಸೊಪ್ಪಿಗಾಗಿ. ಆದರೆ 100 ಗ್ರಾಂ ಹಿಪ್ಪುನೇರಳೆ ಹಣ್ಣಿನಲ್ಲಿ ಸುಮಾರು 36 ಮಿ.ಗ್ರಾಂ. ವಿಟಮಿನ್ ಸಿ ಇರುತ್ತದೆ. ದ್ರಾಕ್ಷಿಯಲ್ಲಿ ಸುಮಾರು 3ರಿಂದ 4 ಮಾತ್ರ.

ಹಣ್ಣು ಅರೆದ ಕ್ಷಣದಿಂದಲೇ ನಷ್ಟ ಶುರು. ಜೀವಕೋಶ ಒಡೆದು ಕಿಣ್ವಗಳು ಹೊರಬರುತ್ತವೆ, ಮಿಕ್ಸಿ ಗಾಳಿ ಬೆರೆಸುತ್ತದೆ, ವಿಟಮಿನ್ ಸಿ ಆಮ್ಲಜನಕದೊಂದಿಗೆ ವರ್ತಿಸುತ್ತದೆ. ಮೊದಲ ಹಂತದ ಬದಲಾವಣೆಯಾದ ಮೇಲೂ ಅದು ದೇಹಕ್ಕೆ ವಿಟಮಿನ್ ಆಗಿಯೇ ಒದಗುತ್ತದೆ. ಮುಂದಿನ ಹಂತ ದಾಟಿದರೆ ಮತ್ತೆ ಸಿಗದು. ಕಾರ್ಖಾನೆಯಲ್ಲಿ ಕೆಲವೇ ಸೆಕೆಂಡು ಬಿಸಿ ಮಾಡಿದಾಗ ಸ್ವಲ್ಪ ವಿಟಮಿನ್ ಹೋಗುತ್ತದೆ ನಿಜ, ಆದರೆ ಆ ಕಿಣ್ವಗಳೂ ನಿಷ್ಕ್ರಿಯವಾಗುತ್ತವೆ. ಮನೆಯಲ್ಲಿ ಅರ್ಧ ಗಂಟೆ ಕೊತಕೊತ ಕುದಿಸುವುದು ಬೇರೆ ಮಾತು.

ಹೆಚ್ಚು ನಷ್ಟ ಆಗುವುದು ಕಪಾಟಿನಲ್ಲಿ. ಬಿಸಿಲು ತಾಗುವ ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೂತ ಬಾಟಲಿಗಿಂತ ಫ್ರಿಜ್‌ನಲ್ಲಿಟ್ಟದ್ದು ವಾಸಿ, ಫ್ರೀಜರ್‌ನದು ಇನ್ನೂ ವಾಸಿ. ತಾಮ್ರದ ಚೊಂಬಿನಲ್ಲಿ ಮಾತ್ರ ಖಂಡಿತ ಇಡಬೇಡಿ: ಹುಳಿಗೆ ತಾಮ್ರ ಕರಗುತ್ತದೆ, ವಿಟಮಿನ್ ಸಿ ಬೇಗ ಹಾಳಾಗುತ್ತದೆ, ವಾಂತಿಯೂ ಆಗಬಹುದು.

ಇನ್ನು ಬಣ್ಣ. ಕಪ್ಪುದ್ರಾಕ್ಷಿಗೆ ಆ ಬಣ್ಣ ಕೊಡುವುದು ಸಿಪ್ಪೆಯಲ್ಲಿರುವ ಆಂಥೋಸಯಾನಿನ್. ಅದು ವಿಟಮಿನ್ ಅಲ್ಲ. ಬಣ್ಣ ಉಳಿದಿರುವಾಗಲೇ ವಿಟಮಿನ್ ಸಿ ಖಾಲಿಯಾಗಿರಬಹುದು. ಪ್ಯಾಕೆಟ್ ಮೇಲೆ 'ಐಎನ್ಎಸ್ 300' ಎಂದಿದ್ದರೆ ಹೊರಗಿನಿಂದ ಸೇರಿಸಿದ ವಿಟಮಿನ್ ಸಿ ಎಂದರ್ಥ, ಅದರಿಂದ ಹಾನಿಯಿಲ್ಲ. ಸಾರೀಕೃತ ರಸಕ್ಕೆ ನೀರು ಬೆರೆಸಿ 'ಶೇ. 100 ಹಣ್ಣಿನ ರಸ' ಎಂದು ಬರೆಯುವುದನ್ನು ನಿಲ್ಲಿಸುವಂತೆ ಎಫ್‌ಎಸ್‌ಎಸ್‌ಎಐ 2024ರ ಜೂನ್‌ನಲ್ಲಿ ಸೂಚಿಸಿತ್ತು.

ವಯಸ್ಕ ಗಂಡಸಿಗೆ ದಿನಕ್ಕೆ 80, ಹೆಂಗಸಿಗೆ 65 ಮಿ.ಗ್ರಾಂ. ವಿಟಮಿನ್ ಸಿ ಬೇಕೆನ್ನುತ್ತದೆ ಐಸಿಎಂಆರ್. ಒಂದು ಲೋಟ ದ್ರಾಕ್ಷಿ ರಸ, ಎಷ್ಟೇ ತಾಜಾ ಇರಲಿ, ಇದರ ಹತ್ತಿರಕ್ಕೂ ಬಾರದು. ರಕ್ತ ಕಡಿಮೆಯಿರುವ ಮಗುವಿಗೆ ಊಟದ ಕಬ್ಬಿಣಾಂಶ ಮೈಗೆ ಹತ್ತಲಿ ಎಂದು ಜ್ಯೂಸ್ ಕೊಡುವವರು ಅದೇ ದುಡ್ಡಿಗೆ ಸೀಬೆಹಣ್ಣು ತರಲಿ. 100 ಗ್ರಾಂ ಸೀಬೆಯಲ್ಲಿ 200 ಮಿ.ಗ್ರಾಂ. ದಾಟುತ್ತದೆ, ಅರೆಯುವ ಕೆಲಸವೂ ಇಲ್ಲ.