ಸ್ಟ್ರಿಂಗ್ ಜೋಡಣೆ ಮತ್ತು ಫಾರ್ಮ್ಯಾಟಿಂಗ್

ಪ್ರೋಗ್ರಾಮಿಂಗ್‌ನಲ್ಲಿ ಅಕ್ಷರಗಳ ಸಾಲನ್ನು ಸ್ಟ್ರಿಂಗ್ ಎನ್ನುತ್ತಾರೆ. ಒಂದು ಸ್ಟ್ರಿಂಗಿಗೆ ಇನ್ನೊಂದನ್ನು ಸೇರಿಸುವುದು ಜೋಡಣೆ. ಹೆಸರು, ಸಂಖ್ಯೆ, ದಿನಾಂಕಗಳನ್ನು ಬೇಕಾದ ರೂಪದಲ್ಲಿ ಬರಹದೊಳಗೆ ಕೂರಿಸುವುದು ಫಾರ್ಮ್ಯಾಟಿಂಗ್. ಭಾಷೆಯಿಂದ ಭಾಷೆಗೆ ಹೋಗುವ ಪ್ರೋಗ್ರಾಮರ್ ಎಡವುವ ಮೊದಲ ಜಾಗಗಳಲ್ಲಿ ಇದೂ ಒಂದು.

1957ರಲ್ಲಿ ಐಬಿಎಂನ ಜಾನ್ ಬ್ಯಾಕಸ್ ತಂಡ ಹೊರತಂದ ಫೋರ್ಟ್ರಾನ್‌ನಲ್ಲಿ ಮುದ್ರಣದ ರೂಪವನ್ನು ತಿಳಿಸಲೆಂದೇ ಫಾರ್ಮ್ಯಾಟ್ ಎಂಬ ಹೇಳಿಕೆ ಇತ್ತು. ಆಗ ಉದ್ಧರಣ ಚಿಹ್ನೆ ಬಳಕೆಯಲ್ಲಿರಲಿಲ್ಲ. ಬರಹದಲ್ಲಿ ಎಷ್ಟು ಅಕ್ಷರಗಳಿವೆ ಎಂದು ಪ್ರೋಗ್ರಾಮರೇ ಎಣಿಸಿ, ಆ ಸಂಖ್ಯೆಯ ಮುಂದೆ ಎಚ್ ಅಕ್ಷರವಿಟ್ಟು ಬರಹವನ್ನು ಬರೆಯಬೇಕಿತ್ತು. ಎಣಿಕೆ ಒಂದು ಹೆಚ್ಚಾದರೂ ಮುಂದಿನ ಚಿಹ್ನೆ ಬರಹದೊಳಗೆ ಸೇರಿಹೋಗುತ್ತಿತ್ತು. ಆ ಎಚ್, ಪಂಚ್ ಕಾರ್ಡ್ ಯಂತ್ರದ ಹರ್ಮನ್ ಹಾಲರಿತ್ ಅವರ ಹೆಸರಿನದು.

ಸಿ ಭಾಷೆಯ ಪ್ರಿಂಟ್‌ಎಫ್ ರೂಪವನ್ನೂ ಬರಹವನ್ನೂ ಒಂದೇ ಸಾಲಿಗೆ ತಂದಿತು. ಶೇಕಡಾ ಚಿಹ್ನೆ ಇರುವಲ್ಲಿ ಬೆಲೆ ಬಂದು ಕೂರುತ್ತದೆ. ಈ ಬಗೆ ಆಕ್, ಪರ್ಲ್, ಪಿಎಚ್‌ಪಿ, ಪೈಥಾನ್‌ಗಳಿಗೆಲ್ಲ ಹರಡಿತು. 2004ರಲ್ಲಿ ಜಾವಾ 5ಕ್ಕೂ ಬಂತು. ಸಿ ಭಾಷೆಯ ಪ್ರಿಂಟ್‌ಎಫ್‌ನ ಅಪಾಯ ಬಯಲಾದದ್ದು ತಡವಾಗಿ. ಬಳಕೆದಾರ ಕೊಟ್ಟ ಪಠ್ಯವನ್ನೇ ಫಾರ್ಮ್ಯಾಟ್ ಆಗಿ ಒಪ್ಪಿಸಿಬಿಟ್ಟರೆ ಮೆಮೊರಿಯನ್ನು ಓದಲೂ ತಿದ್ದಲೂ ದಾರಿಯಾಗುತ್ತದೆಂದು 2000ದ ಸುಮಾರಿಗೆ ಎಲ್ಲರಿಗೂ ಮನವರಿಕೆಯಾಯಿತು.

ಜೋಡಣೆಗೆ ಮಾತ್ರ ಒಮ್ಮತ ಮೂಡಲೇ ಇಲ್ಲ. ಪಿಎಲ್/ಐ ಎರಡು ಲಂಬ ಗೆರೆ ಬಳಸಿತು, ಎಸ್‌ಕ್ಯೂಎಲ್ ಮಾನಕವೂ ಅದನ್ನೇ ಹಿಡಿಯಿತು. ಪರ್ಲ್, ಪಿಎಚ್‌ಪಿಗಳಲ್ಲಿ ಚುಕ್ಕಿ, ಲುವಾದಲ್ಲಿ ಎರಡು ಚುಕ್ಕಿ, ಜಾವಾ, ಪೈಥಾನ್, ಜಾವಾಸ್ಕ್ರಿಪ್ಟ್‌ಗಳಲ್ಲಿ ಕೂಡು ಚಿಹ್ನೆ. ಉದ್ಧರಣದೊಳಗಿನ "1"ಕ್ಕೆ ಬರಿಯ 1 ಕೂಡಿಸಿದರೆ ಜಾವಾಸ್ಕ್ರಿಪ್ಟ್ "11" ಕೊಡುತ್ತದೆ, ಪರ್ಲ್ ಮತ್ತು ಪಿಎಚ್‌ಪಿ 2 ಕೊಡುತ್ತವೆ, ಪೈಥಾನ್ ತಪ್ಪೆಂದು ನಿಲ್ಲುತ್ತದೆ. ಊಹಿಸದೆ ನಿಲ್ಲುವ ಪೈಥಾನ್ ನಡೆಯೇ ಮೇಲು: ತಪ್ಪು ಹುಟ್ಟಿದಲ್ಲೇ ಸಿಗುತ್ತದೆ. ಚುಕ್ಕಿಯ ಲಾಭವೂ ದೊಡ್ಡದೇ, ಅಲ್ಲಿ ಕೂಡುವುದು ಬೇರೆ, ಜೋಡಿಸುವುದು ಬೇರೆ.

ಯೂನಿಕ್ಸ್ ಶೆಲ್ ಮತ್ತು ಪರ್ಲ್‌ಗಳಲ್ಲಿ ಮೊದಲಿನಿಂದಲೂ ಚರಾಂಶದ ಹೆಸರನ್ನು ಬರಹದ ನಡುವೆಯೇ ಬರೆಯಬಹುದಿತ್ತು. 2015ರಲ್ಲಿ ಜಾವಾಸ್ಕ್ರಿಪ್ಟ್ ಮತ್ತು ಸಿ ಶಾರ್ಪ್, 2016ರಲ್ಲಿ ಪೈಥಾನ್ 3.6ರ ಎಫ್-ಸ್ಟ್ರಿಂಗ್ ಆ ದಾರಿಗೆ ಬಂದವು. ಜಾವಾ 2023ರಲ್ಲಿ ಪ್ರಾಯೋಗಿಕವಾಗಿ ಸೇರಿಸಿ, ಮರುವರ್ಷ ಹಿಂತೆಗೆದುಕೊಂಡಿತು.

ಈ ಯಾವ ವಿಧಾನವೂ ಕನ್ನಡಕ್ಕೆ ಸಲೀಸಾಗಿ ಹೊಂದುವುದಿಲ್ಲ. ಖಾಲಿ ಜಾಗದ ಮುಂದೆ "ಗೆ" ಎಂದು ಅಂಟಿಸಿಟ್ಟರೆ ರಮೇಶನಿಗೆ, ರಾಜುವಿಗೆ, ಗೌರಿಗೆ ಮೂರೂ ಸರಿಯಾಗಿ ಬರಲಾರವು. ಅದಕ್ಕೇ ಅನುವಾದಕರು "ಸ್ವೀಕರಿಸುವವರು:" ಎಂದು ಬರೆದು ಹೆಸರನ್ನು ಹೊರಗಿಡುತ್ತಾರೆ. ಅಂಕಣಗಳ ಅಗಲವೂ ಕೆಡುತ್ತದೆ. ಕಣ್ಣಿಗೆ ಒಂದೇ ಅಕ್ಷರವಾದ "ಕ್ಷಿ" ಯೂನಿಕೋಡ್‌ನಲ್ಲಿ 4 ಸಂಕೇತ, ಯುಟಿಎಫ್-8ರಲ್ಲಿ 12 ಬೈಟ್. ಪೈಥಾನ್ ಸಂಕೇತಗಳನ್ನು ಎಣಿಸಿದರೆ ಸಿ ಭಾಷೆಯ ಪ್ರಿಂಟ್‌ಎಫ್ ಬೈಟ್‌ಗಳನ್ನು ಎಣಿಸುತ್ತದೆ. ಒಂದೇ ಕನ್ನಡ ಪಟ್ಟಿ ಎರಡರಲ್ಲಿ ಎರಡು ಬಗೆಯಾಗಿ ಸೊಟ್ಟಗಾಗುತ್ತದೆ.