ಶುಶ್ರೂಷಕರ ದಣಿವು

ರೋಗಿಯ ಬಳಲಿಕೆಯನ್ನು ವೈದ್ಯಶಾಸ್ತ್ರವು ಬಹುಕಾಲದಿಂದ ಬಲ್ಲದು. ರೋಗಿಯನ್ನು ನೋಡಿಕೊಳ್ಳುವವರ ಬಳಲಿಕೆಗೆ ಅದು ಹೆಸರಿಟ್ಟದ್ದು ಈಚೆಗೆ. 1974ರಲ್ಲಿ ಅಮೆರಿಕದ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಉಚಿತ ಚಿಕಿತ್ಸಾಲಯದ ಸೇವಕರಲ್ಲಿ ಕಂಡ ಈ ಸ್ಥಿತಿಯನ್ನು ‘ಬರ್ನ್‌ಔಟ್’ ಎಂದು ಕರೆದರು. ಅತ್ಯಂತ ನಿಷ್ಠೆಯಿಂದ ದುಡಿಯುವವರೇ ಇದಕ್ಕೆ ಸುಲಭವಾಗಿ ತುತ್ತಾಗುತ್ತಾರೆಂದು ಅವರು ಗುರುತಿಸಿದರು.

ಅದೇ ವರ್ಷ ಡಿಸೆಂಬರ್ 27ರಂದು ಬೆಂಗಳೂರಿನ ಹೊಸೂರು ರಸ್ತೆಯಲ್ಲಿ, ಹಳೆಯ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಆರಂಭವಾಗಿದ್ದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದುಗೂಡಿ ನಿಮ್ಹಾನ್ಸ್ ಆಯಿತು. ಮನೋವೈದ್ಯ, ಮನೋವಿಜ್ಞಾನಿ, ಸಮಾಜಕಾರ್ಯಕರ್ತ, ದಾದಿ ಇವರೆಲ್ಲ ಒಂದೇ ತಂಡವಾಗಿ ರೋಗಿಯನ್ನು ನೋಡುವ ಕ್ರಮ ಇಲ್ಲಿ ಬೆಳೆಯಿತು. 1975ರ ಬಳಿಕ ಬನ್ನೇರುಘಟ್ಟ ರಸ್ತೆಯಾಚೆಯ ಸಕಲವಾರದಲ್ಲಿಯೂ, ಎಂಬತ್ತರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿಯೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಹಾಗೂ ಕಾರ್ಯಕರ್ತರಿಗೆ ತರಬೇತಿ ನೀಡಲಾಯಿತು. ಕೆಲವೇ ತಜ್ಞರ ಹೆಗಲ ಮೇಲಿದ್ದ ಹೊರೆ ಹೀಗೆ ಹಲವರಲ್ಲಿ ಹಂಚಿಹೋಯಿತು.

ಈ ದಣಿವು ವ್ಯಕ್ತಿಯ ರೋಗವಲ್ಲ, ಉದ್ಯೋಗಸ್ಥಳದ ದೀರ್ಘಕಾಲದ ಒತ್ತಡವನ್ನು ಸರಿಯಾಗಿ ನಿರ್ವಹಿಸದಿರುವುದರ ಫಲವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ವಿವರಿಸಿತು. ಆದ್ದರಿಂದ ದಣಿದ ದಾದಿಗೆ ತಾಳ್ಮೆಯ ಉಪದೇಶ ಸಾಲದು. ಪಾಳಿಯ ನ್ಯಾಯವಾದ ಹಂಚಿಕೆ, ಸಾಕಷ್ಟು ಸಿಬ್ಬಂದಿ, ಕಿರಿಯರೂ ಅಂಜದೆ ಮಾತನಾಡಬಲ್ಲ ಸಭೆ ಇವು ಬೇಕು.

ತತ್ತ್ವಾರ್ಥಸೂತ್ರವು ವೈಯಾವೃತ್ತ್ಯವನ್ನು ಅಂತರಂಗ ತಪಸ್ಸುಗಳಲ್ಲಿ ಎಣಿಸುತ್ತದೆ. ಆ ಸೇವೆಗೆ ಪಾತ್ರರಾದ ಹತ್ತು ಬಗೆಯವರಲ್ಲಿ ‘ಗ್ಲಾನ’ನೂ ಒಬ್ಬ. ಆ ಪದಕ್ಕೆ ರೋಗಿ ಎಂಬಂತೆ ಬಳಲಿದವನು ಎಂಬ ಅರ್ಥವೂ ಉಂಟು. ಸೇವೆ ಮಾಡುತ್ತ ಬಳಲಿದವರೂ ಸೇವೆಗೆ ಪಾತ್ರರೇ.